ಜಠರ ತೆಗೆದವರಿಗೂ ಊಟ ಅರಗುತ್ತದಲ್ಲ, ಹಾಗಾದರೆ ಜಠರದ ಕೆಲಸ ಏನು?

ಜೀವಶಾಸ್ತ್ರ ಮೇಷ್ಟ್ರು

"ಆಹಾರ ಜಠರದಲ್ಲಿ ಜೀರ್ಣವಾಗುತ್ತದೆ, ಸಣ್ಣ ಕರುಳು ಅದನ್ನು ಹೀರಿಕೊಳ್ಳುತ್ತದೆ, ದೊಡ್ಡ ಕರುಳು ಉಳಿದದ್ದನ್ನು ಹೊರಹಾಕುತ್ತದೆ." ಉತ್ತರಪತ್ರಿಕೆಯಲ್ಲಿ ಈ ಸಾಲಿಗೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಕ್ಯಾನ್ಸರ್ ಬಂದು ಇಡೀ ಜಠರ ತೆಗೆಸಿಕೊಂಡವರು ಬಾಯಿಂದಲೇ ಉಂಡು ವರ್ಷಗಟ್ಟಲೆ ಬದುಕುತ್ತಾರೆ. ಸಣ್ಣ ಕರುಳು ಪೂರ್ತಿ ಹೋದರೆ ಹಾಗೆ ಬದುಕಲು ಆಗದು. ಅಂದಮೇಲೆ ಆ ಸಾಲಿನಲ್ಲೇ ಎಡವಟ್ಟಿದೆ. ಯಾವ ಅಂಗ ನಿಜಕ್ಕೂ ಏನು ಮಾಡುತ್ತದೆ, ಎಷ್ಟು ಹೊತ್ತು, ಎಷ್ಟು ರಸ ಬಳಸಿ, ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಿ. ಹೆಸರುಗಳ ಪಟ್ಟಿ ಬೇಡ, ಅದು ಪುಸ್ತಕದಲ್ಲಿದೆ.

ಎಂಡೋಸ್ಕೋಪಿ ಕೋಣೆ

ಮೇಷ್ಟ್ರೇ, ಜಠರವನ್ನು ಮೊದಲು ಉಗ್ರಾಣ ಅಂದುಕೊಳ್ಳಿ. ಖಾಲಿ ಇದ್ದಾಗ ಒಳಗಿನ ಜಾಗ 100 ಮಿ.ಲೀ. ಕೂಡ ಇರುವುದಿಲ್ಲ. ತುತ್ತು ಇಳಿಯುವ ಮುಂಚೆಯೇ ಮೇಲ್ಭಾಗದ ಗೋಡೆ ಸಡಿಲಗೊಂಡು, ಒಳಗಿನ ಒತ್ತಡ ಹೆಚ್ಚೇನೂ ಏರದಂತೆ ಒಂದರಿಂದ ಒಂದೂವರೆ ಲೀಟರ್ ಹಿಡಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಒಂದೇ ಸಲ ಬಿಡದೆ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಕಳಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ.

ಎರಡನೆಯದು ಅರೆಯುವುದು. ಜಠರದ ಗೋಡೆಯಲ್ಲಿ ಉದ್ದ, ಸುತ್ತು, ಓರೆ ಎಂದು ಮೂರು ಪದರ ಸ್ನಾಯು ಇದೆ. ನಾಳದ ಉಳಿದ ಭಾಗಗಳಲ್ಲಿ ಎರಡೇ. ನಿಮಿಷಕ್ಕೆ ಸುಮಾರು 3 ಅಲೆಗಳು ಕೆಳಗಿನ ಬಾಗಿಲಾದ ಪೈಲೋರಸ್ ಕಡೆಗೆ ಸಾಗುತ್ತವೆ. ಅಲೆ ಬಂದಾಗ ಬಾಗಿಲು ಬಹುಪಾಲು ಮುಚ್ಚಿರುವುದರಿಂದ 1–2 ಮಿ.ಮೀ.ಗಿಂತ ದಪ್ಪದ ಚೂರುಗಳು ಹಿಂದಕ್ಕೆ ಚಿಮ್ಮಿ ಮತ್ತೆ ಅರೆಯಲ್ಪಡುತ್ತವೆ.

ಮೂರನೆಯದು ಆಮ್ಲ. ಪಿಎಚ್ (ಆಮ್ಲದ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ತೀಕ್ಷ್ಣ) 1.5ರಿಂದ 3.5ರ ನಡುವೆ ಇರುವ ಈ ರಸ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ, ಪ್ರೋಟೀನಿನ ಸುರುಳಿ ಬಿಚ್ಚುತ್ತದೆ, ಪೆಪ್ಸಿನೋಜನ್ ಅನ್ನು ಪೆಪ್ಸಿನ್ ಮಾಡುತ್ತದೆ. ಆದರೆ ಪೆಪ್ಸಿನ್ ಪ್ರೋಟೀನನ್ನು ದೊಡ್ಡ ತುಂಡುಗಳಾಗಿ ಕತ್ತರಿಸಿ ನಿಲ್ಲಿಸುತ್ತದೆ. ಅದಿಲ್ಲದಿದ್ದರೂ ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್ ಆ ಕೆಲಸ ಮಾಡಿ ಮುಗಿಸುತ್ತದೆ.

ಜಠರಕ್ಕೆ ಬದಲಿಯೇ ಇಲ್ಲದ ಕೆಲಸ ಒಂದೇ ಒಂದು. ಆಮ್ಲ ಸುರಿಸುವ ಕೋಶಗಳೇ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನನ್ನೂ ಬಿಡುತ್ತವೆ. ಸಣ್ಣ ಕರುಳಿನ ಕೊನೆಯಲ್ಲಿ ಬಿ12 ವಿಟಮಿನ್ ಸರಿಯಾಗಿ ಒಳಸೇರಬೇಕಾದರೆ ಅದರ ಜೊತೆ ಸೇರಿಕೊಂಡೇ ಬರಬೇಕು.

ವಾರ್ಡ್ ರಾತ್ರಿಪಾಳಿ

ಮೇಲಿನವರ ಮಾತಿಗೆ ಜೋಡಿಸುತ್ತೇನೆ. ಇಡೀ ಜಠರ ತೆಗೆಯುವ ಶಸ್ತ್ರಚಿಕಿತ್ಸೆ ಮೊದಲು ಯಶಸ್ವಿಯಾಗಿದ್ದು 1897ರಲ್ಲಿ, ಜ್ಯೂರಿಕ್‌ನಲ್ಲಿ, ಕಾರ್ಲ್ ಶ್ಲಾಟರ್ ಕೈಯಲ್ಲಿ. ಈಗ ಸಾಮಾನ್ಯವಾಗಿ ಅನ್ನನಾಳದ ತುದಿಯನ್ನು ನೇರವಾಗಿ ಸಣ್ಣ ಕರುಳಿನ ನಡುಭಾಗವಾದ ಜೆಜುನಮ್‌ಗೆ ಹೊಲಿಯುತ್ತಾರೆ. ಪಿತ್ತರಸ, ಮೇದೋಜೀರಕ ರಸ ಎರಡೂ ಇನ್ನೊಂದು ಕವಲಿನಿಂದ ಬಂದು ಸ್ವಲ್ಪ ಕೆಳಗೆ ಸೇರಿಕೊಳ್ಳುತ್ತವೆ.

ಉಗ್ರಾಣ ಹೋದಮೇಲಿನ ತೊಂದರೆಗಳನ್ನು ನೋಡಿದರೆ ಅದರ ಕೆಲಸ ಏನಿತ್ತು ಅಂತ ತಾನಾಗಿ ತಿಳಿಯುತ್ತದೆ. ಸಿಹಿ ಹೆಚ್ಚಿರುವ ಊಟ ಒಮ್ಮೆಲೇ ಕರುಳಿಗೆ ಬಿದ್ದರೆ ಅದರ ಸಾಂದ್ರತೆಗೆ ರಕ್ತದಿಂದ ನೀರು ಕರುಳಿನೊಳಕ್ಕೆ ಬಂದುಬಿಡುತ್ತದೆ. ಉಂಡ 10–30 ನಿಮಿಷಕ್ಕೆ ಹೊಟ್ಟೆ ನುಲಿತ, ಬೆವರು, ಎದೆಬಡಿತ, ಭೇದಿ. ಇದು ಡಂಪಿಂಗ್. 1–3 ಗಂಟೆ ಬಿಟ್ಟು ಬರುವ ಇನ್ನೊಂದು ಬಗೆಯಲ್ಲಿ ಇನ್ಸುಲಿನ್ ಮಿತಿಮೀರಿ ಸುರಿದು ರಕ್ತದ ಸಕ್ಕರೆ ಕುಸಿಯುತ್ತದೆ: ನಡುಕ, ಕಣ್ಣು ಕತ್ತಲೆ. ಇಂಥವರು ದಿನಕ್ಕೆ 5–6 ಸಲ ಪುಟ್ಟ ಊಟ ಮಾಡಬೇಕು, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಅಂತರ ಬಿಡಬೇಕು, ಸಕ್ಕರೆ ತಗ್ಗಿಸಿ ಪ್ರೋಟೀನ್ ಹೆಚ್ಚಿಸಬೇಕು.

ಬಿ12 ಚುಚ್ಚುಮದ್ದು ಜೀವನಪೂರ್ತಿ. ಇಲ್ಲೊಂದು ಹಳ್ಳವಿದೆ: ಲಿವರಿನಲ್ಲಿ ಬಿ12 ದಾಸ್ತಾನು ಕೆಲವು ವರ್ಷಕ್ಕೆ ಸಾಕಾಗುವಷ್ಟು ಇರುತ್ತದೆ. ಹಾಗಾಗಿ ಮೊದಲೆರಡು ವರ್ಷ ಏನೂ ಆಗುವುದಿಲ್ಲ, "ಚುಚ್ಚುಮದ್ದು ಬೇಕಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ರಕ್ತಹೀನತೆ, ಪಾದ ಜೋಮು, ನಡಿಗೆಯಲ್ಲಿ ತಡವರಿಕೆ. ನರಕ್ಕೆ ಆದ ಹಾನಿ ಎಲ್ಲವೂ ವಾಪಸ್ ಬರುವುದಿಲ್ಲ.

ಸಂಶಯಪ್ರಾಣಿ

ಊಟದ ಮಧ್ಯೆ ನೀರು ಕುಡಿದರೆ ಆಮ್ಲ ತೆಳುವಾಗಿ ಅಜೀರ್ಣ ಆಗುತ್ತದೆ ಅಂತಾರಲ್ಲ. ಜಠರ ಇರುವವರಿಗೂ ಇದು ಅನ್ವಯವಾ?

ಎಂಡೋಸ್ಕೋಪಿ ಕೋಣೆ

ಇಲ್ಲ. ಲೆಕ್ಕ ಹಾಕಿ ನೋಡಿ. ಪಿಎಚ್ 1.5 ಇರುವ 100 ಮಿ.ಲೀ. ಜಠರರಸಕ್ಕೆ ಒಂದು ಲೋಟ, ಅಂದರೆ 200 ಮಿ.ಲೀ. ನೀರು ಬಿತ್ತು ಅನ್ನಿ. ಆಮ್ಲ ಮೂರು ಪಟ್ಟು ತೆಳುವಾಯಿತು. ಪಿಎಚ್ ಲಾಗರಿದಮ್ ಅಳತೆಯಾದ್ದರಿಂದ (10 ಪಟ್ಟು ತೆಳುವಾದರೆ ಏರುವುದು 1) ಅದು ಏರುವುದು ಸುಮಾರು 0.5 ಮಾತ್ರ, 2ರ ಹತ್ತಿರ. ಪೆಪ್ಸಿನ್ ಚೆನ್ನಾಗಿ ಕೆಲಸ ಮಾಡುವುದೇ ಅಲ್ಲಿ. ಬರೀ ನೀರಿನ ಅರ್ಧಪಾಲು 10–20 ನಿಮಿಷದಲ್ಲಿ ಜಠರ ದಾಟಿಹೋಗುತ್ತದೆ. ನಿಜವಾಗಿ ಆಮ್ಲವನ್ನು ತಗ್ಗಿಸುವುದು ಆಹಾರವೇ: ಉಂಡ ಕೂಡಲೆ ಪಿಎಚ್ 4–5ರವರೆಗೂ ಏರಿ, ಒಂದೆರಡು ಗಂಟೆಯಲ್ಲಿ ಮತ್ತೆ ಇಳಿಯುತ್ತದೆ. ಡಂಪಿಂಗ್ ಇರುವವರಿಗೆ ನೀರು ಬೇಡ ಅನ್ನುವುದಕ್ಕೆ ಕಾರಣ ಬೇರೆ, ಅದು ಊಟವನ್ನು ಬೇಗ ಕೆಳಕ್ಕೆ ತಳ್ಳುತ್ತದೆ. ಎದೆಯುರಿ ಇರುವವರು ಒಂದೇ ಸಲ ಅರ್ಧ ಲೀಟರ್ ಕುಡಿದರೆ ಜಠರ ಹಿಗ್ಗಿ ಉರಿ ಹೆಚ್ಚಬಹುದು, ಅದೂ ಹಿಗ್ಗಿದ್ದರಿಂದ.

ಔಷಧ ಕೌಂಟರ್

ಆಮ್ಲದ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ, ಏಕೆಂದರೆ ಇದರಲ್ಲಿ ತಪ್ಪು ಮಾಡುವವರೇ ಹೆಚ್ಚು. ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಯನ್ನು ಊಟಕ್ಕೆ 30–60 ನಿಮಿಷ ಮುಂಚೆ ನುಂಗಬೇಕು ಅನ್ನುವುದು ಸುಮ್ಮನೆ ಹಾಕಿದ ನಿಯಮ ಅಲ್ಲ. ಆಮ್ಲ ಹೊರಬಿಡುವ ಪಂಪುಗಳು ಹಸಿದಾಗ ಬಹುಪಾಲು ಕೋಶದ ಒಳಗೆ ಸುಮ್ಮನಿರುತ್ತವೆ, ಊಟ ಬಂದಾಗ ಮೇಲ್ಮೈಗೆ ಬಂದು ಕೆಲಸ ಶುರು ಮಾಡುತ್ತವೆ. ಮಾತ್ರೆ ಹಿಡಿಯುವುದು ಕೆಲಸದಲ್ಲಿರುವ ಪಂಪನ್ನು ಮಾತ್ರ. ಔಷಧ ಒಂದೆರಡು ಗಂಟೆಯಲ್ಲೇ ರಕ್ತದಿಂದ ಬಹುಪಾಲು ಖಾಲಿಯಾಗುತ್ತದೆ. ಊಟವಾದಮೇಲೆ ನುಂಗಿದರೆ ಔಷಧ ರಕ್ತಕ್ಕೆ ಬರುವ ಹೊತ್ತಿಗೆ ಪಂಪುಗಳ ಪಾಳಿ ಮುಗಿದಿರುತ್ತದೆ. ಪೂರ್ತಿ ಪರಿಣಾಮಕ್ಕೆ 3–5 ದಿನ ಬೇಕು, ಮೊದಲ ದಿನವೇ "ಕೆಲಸ ಮಾಡಲಿಲ್ಲ" ಅನ್ನಬೇಡಿ. ಕ್ಯಾಪ್ಸೂಲ್ ಬಿಚ್ಚಿ ಕಾಳನ್ನು ಜಗಿಯುವುದು, ಮಾತ್ರೆ ಪುಡಿ ಮಾಡುವುದು ಎರಡೂ ಬೇಡ. ಮೇಲಿನ ಲೇಪ ಹೋದರೆ ಜಠರದ ಆಮ್ಲವೇ ಆ ಔಷಧವನ್ನು ಕೆಡಿಸುತ್ತದೆ.

ಇಷ್ಟು ತೀಕ್ಷ್ಣ ಆಮ್ಲದಲ್ಲಿ ಜಠರ ತಾನೇ ಯಾಕೆ ಬೇಯುವುದಿಲ್ಲ ಅಂದರೆ, ಗೋಡೆಯ ಮೇಲೆ ಲೋಳೆಯ ಪದರ, ಅದರೊಳಗೆ ಬೈಕಾರ್ಬನೇಟ್. ಲೋಳೆಯ ಅಡಿ, ಕೋಶದ ಮೇಲ್ಮೈಯಲ್ಲಿ ಪಿಎಚ್ 7ರ ಆಸುಪಾಸು. ಈ ಕಾವಲಿಗೆ ದೇಹವೇ ತಯಾರಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬೇಕು. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ತಡೆಯುವುದು ಅದನ್ನೇ, ಆದ್ದರಿಂದಲೇ ಹುಣ್ಣು. "ಊಟ ಮಾಡಿ ನುಂಗಿದೆ, ಏನೂ ಆಗದು" ಅನ್ನುವುದು ಅರ್ಧ ಸತ್ಯ, ಔಷಧ ರಕ್ತದ ಮೂಲಕವೂ ಅದೇ ಹಾನಿ ಮಾಡುತ್ತದೆ. ಹುಣ್ಣಿನ ಇನ್ನೊಂದು ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ. ಅದನ್ನು ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇಬ್ಬರಿಗೆ 2005ರಲ್ಲಿ ನೊಬೆಲ್ ಬಂತು.

ಗುಟುಕು ತಜ್ಞೆ

ಎಲ್ಲರೂ ಗಂಟಲನ್ನು ಹಾರಿಸಿ ನೇರ ಜಠರಕ್ಕೆ ಹೋದಿರಿ. ನಾಳದಲ್ಲಿ ಅತಿ ಅಪಾಯದ ಜಾಗ ಗಂಟಲೇ, ಗಾಳಿಯ ದಾರಿ ಮತ್ತು ಊಟದ ದಾರಿ ಅಡ್ಡಹಾಯುವುದು ಅಲ್ಲೇ.

ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುವವರೆಗೆ ನಮ್ಮ ಹಿಡಿತ. ಅಲ್ಲಿಂದ ಮುಂದೆ ಸುಮಾರು ಒಂದು ಸೆಕೆಂಡಿನಲ್ಲಿ ತಾನಾಗಿ ನಡೆಯುವುದು ಇಷ್ಟು: ಮೃದು ಅಂಗುಳ ಎದ್ದು ಮೂಗಿನ ದಾರಿ ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಧ್ವನಿತಂತುಗಳು ಕೂಡಿಕೊಳ್ಳುತ್ತವೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎದ್ದು ನಾಲಿಗೆಯ ಬುಡದಡಿ ಸೇರುತ್ತದೆ, ಕಿರುಮುಚ್ಚಳ ಅದರ ಮೇಲೆ ಮಗುಚುತ್ತದೆ. ಆ ಎಳೆತಕ್ಕೇ ಅನ್ನನಾಳದ ಮೇಲಿನ ಬಿಗಿಸ್ನಾಯು ತೆರೆಯುತ್ತದೆ. ಗಂಟಲಿನ ಮುಂದೆ ಬೆರಳಿಟ್ಟು ಉಗುಳು ನುಂಗಿ ನೋಡಿ, ಗಂಟಲಗಂಟು ಏರಿ ಇಳಿಯುವುದು ಕೈಗೆ ಸಿಗುತ್ತದೆ. ಪಾರ್ಶ್ವವಾಯುವಾದವರಲ್ಲಿ ಈ ಏರಿಳಿತ ತಡವಾಗುತ್ತದೆ, ನೀರು ಅಷ್ಟರಲ್ಲೇ ಶ್ವಾಸನಾಳಕ್ಕೆ ಜಾರಿರುತ್ತದೆ. ಗಟ್ಟಿ ಪದಾರ್ಥಕ್ಕಿಂತ ತೆಳು ನೀರೇ ಅವರಿಗೆ ಕಷ್ಟ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಕುಡಿದ ಮೇಲೆ ದನಿ ಒದ್ದೆಯಾಗಿ ಗೊರಗೊರ ಅಂದರೆ, ಊಟದ ನಡುವೆ ಕೆಮ್ಮು ಬಂದರೆ, ಪದೇ ಪದೇ ನ್ಯುಮೋನಿಯಾ ಆದರೆ ನುಂಗುವ ಪರೀಕ್ಷೆ ಮಾಡಿಸಬೇಕು. ಮಲಗಿಸಿ ಕುಡಿಸಬಾರದು. ಕೆಲವರಿಗೆ ಗಲ್ಲ ಎದೆಯ ಕಡೆ ತಗ್ಗಿಸಿ ನುಂಗಿದರೆ ಸಹಾಯವಾಗುತ್ತದೆ, ಕೆಲವರಿಗೆ ಆಗದು. ತಜ್ಞರು ನೋಡಿಯೇ ಹೇಳಬೇಕು.

ಅನ್ನನಾಳ ಸುಮಾರು 25 ಸೆಂ.ಮೀ. ಉದ್ದ. ತುತ್ತು ಬಿದ್ದುಹೋಗುವುದಿಲ್ಲ, ಸೆಕೆಂಡಿಗೆ 2–4 ಸೆಂ.ಮೀ. ವೇಗದಲ್ಲಿ ಅಲೆ ಅದನ್ನು ಒತ್ತಿಕೊಂಡು ಹೋಗುತ್ತದೆ. ಜಠರ ತಲುಪಲು 8–10 ಸೆಕೆಂಡು. ಮಾತ್ರೆಯನ್ನು ಒಣಗಂಟಲಲ್ಲಿ ನುಂಗಿ ತಕ್ಷಣ ಮಲಗಿದರೆ ಅದು ಮಧ್ಯದಲ್ಲೇ ಅಂಟಿ ಗೋಡೆ ಸುಡಬಹುದು. ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್, ಮೂಳೆಸವೆತದ ಅಲೆಂಡ್ರೊನೇಟ್ ಇದಕ್ಕೆ ಕುಖ್ಯಾತ. ಕೂತು ಅಥವಾ ನಿಂತು, ಒಂದು ಪೂರ್ತಿ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬೇಡಿ.

ಸಂಶಯಪ್ರಾಣಿ

ಜೊಲ್ಲಿನಲ್ಲೇ ಪಿಷ್ಟ ಜೀರ್ಣವಾಗುತ್ತದೆ, ಅದಕ್ಕೇ ಪ್ರತಿ ತುತ್ತು 32 ಸಲ ಅಗಿಯಬೇಕು ಅಂತ ಓದಿದ್ದೇನೆ.

ಗುಟುಕು ತಜ್ಞೆ

32 ಎಂಬುದು ಹಲ್ಲಿನ ಲೆಕ್ಕದಿಂದ ಹುಟ್ಟಿದ ಮಾತಿರಬೇಕು, ಶರೀರಕ್ಕೆ ಅಂಥ ಸಂಖ್ಯೆ ಇಲ್ಲ. ಜೊಲ್ಲು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಬರುತ್ತದೆ. ಅದರ ಅಮೈಲೇಸ್ ಪಿಷ್ಟ ಕತ್ತರಿಸಲು ಶುರುಮಾಡುವುದು ನಿಜ. ಜಠರದಲ್ಲಿ ಆಮ್ಲ ತುತ್ತಿನ ಒಳಭಾಗಕ್ಕೆ ಇಳಿಯುವವರೆಗೂ ಅದು ಮುಂದುವರಿಯುತ್ತದೆ, ಆಮೇಲೆ ನಿಲ್ಲುತ್ತದೆ. ಉಳಿದ ಪಿಷ್ಟಕ್ಕೆ ಮೇದೋಜೀರಕ ಗ್ರಂಥಿಯ ಅಮೈಲೇಸ್ ಇದೆ. ಅಗಿಯುವುದು ಮುಖ್ಯವಾಗಿ ಚೂರು ಸಣ್ಣದಾಗಲಿ, ಜೊಲ್ಲು ಬೆರೆತು ಜಾರಲಿ ಎಂದು. ಉಂಡೆಯಾಗುವಷ್ಟು ಮೆತ್ತಗಾದರೆ ಸಾಕು.

ಪಿತ್ತಕೋಶ

ಈಗ ಅಸಲಿ ಅಡ್ಡರಸ್ತೆಗೆ ಬನ್ನಿ: ಡ್ಯುಯೊಡಿನಮ್, ಅಂದರೆ ಸಣ್ಣ ಕರುಳಿನ ಮೊದಲ ಭಾಗ. ಬರೀ 25 ಸೆಂ.ಮೀ., ಮೇದೋಜೀರಕ ಗ್ರಂಥಿಯ ತಲೆಯನ್ನು ಇಂಗ್ಲಿಷಿನ ಸಿ ಅಕ್ಷರದಂತೆ ಬಳಸಿಕೊಂಡಿದೆ. ನನ್ನ ಪ್ರಕಾರ ಇಡೀ ವ್ಯೂಹದಲ್ಲಿ ಅತಿ ಬುದ್ಧಿವಂತ ಭಾಗ ಇದೇ.

ಜಠರದಿಂದ ಆಮ್ಲ ಬಿದ್ದ ಕೂಡಲೆ ಇದರ ಗೋಡೆ ಸೆಕ್ರೆಟಿನ್ ಎಂಬ ಹಾರ್ಮೋನ್ ಬಿಡುತ್ತದೆ. ಮೇದೋಜೀರಕ ಗ್ರಂಥಿ ಬೈಕಾರ್ಬನೇಟ್ ತುಂಬಿದ ರಸ ಸುರಿಸಿ ಆಮ್ಲವನ್ನು ತಣಿಸುತ್ತದೆ. ಹಾರ್ಮೋನ್ ಎಂಬ ಪರಿಕಲ್ಪನೆಯೇ ಹುಟ್ಟಿದ್ದು ಇದರಿಂದ: 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡುಹಿಡಿದ ಸೆಕ್ರೆಟಿನ್ ಮೊದಲ ಹಾರ್ಮೋನ್. ಕೊಬ್ಬು, ಪ್ರೋಟೀನ್ ಬಂದರೆ ಕೋಲಿಸಿಸ್ಟೋಕೈನಿನ್ ಎಂಬ ಇನ್ನೊಂದು ಹೊರಡುತ್ತದೆ. ಅದು ಏಕಕಾಲಕ್ಕೆ ಮೂರು ಕೆಲಸ ಮಾಡುತ್ತದೆ: ಪಿತ್ತಕೋಶವನ್ನು ಹಿಂಡುತ್ತದೆ, ಮೇದೋಜೀರಕದಿಂದ ಕಿಣ್ವ ಬಿಡಿಸುತ್ತದೆ, ಜಠರಕ್ಕೆ "ನಿಧಾನ" ಅನ್ನುತ್ತದೆ. ಜಿಡ್ಡಿನ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೂತಂತೆ ಅನಿಸುವುದು ಇದರಿಂದಲೇ.

ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ 600–1000 ಮಿ.ಲೀ. ಪಿತ್ತಕೋಶ 30–50 ಮಿ.ಲೀ. ಹಿಡಿಯುವ ಚೀಲ ಅಷ್ಟೇ, ನೀರು ಹೀರಿ ರಸವನ್ನು ಗಟ್ಟಿ ಮಾಡಿ ಇಡುತ್ತದೆ. ಪಿತ್ತರಸದಲ್ಲಿ ಕೊಬ್ಬು ಒಡೆಯುವ ಕಿಣ್ವ ಇಲ್ಲ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆಯುವವರು ಬಹಳ. ಪಿತ್ತಲವಣಗಳು ಜಿಡ್ಡನ್ನು ಸಣ್ಣ ಹನಿಗಳಾಗಿ ಚದುರಿಸುತ್ತವೆ, ಆ ಹನಿಗಳನ್ನು ಕತ್ತರಿಸುವುದು ಮೇದೋಜೀರಕದ ಲೈಪೇಸ್. ದೇಹದಲ್ಲಿರುವ ಪಿತ್ತಲವಣ ಒಟ್ಟು 2–4 ಗ್ರಾಂ ಮಾತ್ರ. ಅದರಲ್ಲಿ ಸುಮಾರು 95% ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್ ಕೊನೆಯಲ್ಲಿ ಮತ್ತೆ ಹೀರಲ್ಪಟ್ಟು ಲಿವರಿಗೆ ಮರಳುತ್ತದೆ, ದಿನಕ್ಕೆ 6–10 ಸುತ್ತು.

ಪಿತ್ತಕೋಶದ ಕಲ್ಲು ಕೊಳವೆಗೆ ಸಿಕ್ಕಿಕೊಂಡರೆ, ಮುಖ್ಯವಾಗಿ ಜಿಡ್ಡಿನ ಊಟದ ನಂತರ, ಮೇಲ್ಹೊಟ್ಟೆಯ ಬಲಕ್ಕೆ ಅಥವಾ ನಡುವೆ ನೋವು ಬಂದು ಬಲಭುಜ, ಬೆನ್ನಿಗೆ ಹರಿಯುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು ಹೋಗುತ್ತದೆ. 6 ಗಂಟೆ ದಾಟಿದರೆ, ಜ್ವರ ಅಥವಾ ಕಾಮಾಲೆ ಜೊತೆಗೂಡಿದರೆ ಬೆಳಗಾಗಲಿ ಅಂತ ಕಾಯಬಾರದು. ಅದೇ ಕಲ್ಲು ಪಿತ್ತನಾಳ, ಮೇದೋಜೀರಕ ನಾಳ ಸೇರುವ ಕೆಳಗಿನ ಕೂಡುಬಾಯಿಯಲ್ಲಿ ಕೂತರೆ ಮೇದೋಜೀರಕದ ಉರಿಯೂತ. ಟ್ರಿಪ್ಸಿನ್ ನಿದ್ರಾವಸ್ಥೆಯಲ್ಲಿ ಹೊರಟು ಡ್ಯುಯೊಡಿನಮ್‌ನಲ್ಲಿ ಎಂಟರೋಕೈನೇಸ್ ಎಂಬ ಕಿಣ್ವ ತಗುಲಿದ ಮೇಲೆ ಎಚ್ಚರಗೊಳ್ಳಬೇಕು. ಗ್ರಂಥಿಯೊಳಗೇ ಎಚ್ಚರಗೊಂಡರೆ ಗ್ರಂಥಿಯನ್ನೇ ಜೀರ್ಣಿಸತೊಡಗುತ್ತದೆ.

ವಾರ್ಡ್ ರಾತ್ರಿಪಾಳಿ

ಬಣ್ಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಲದ ಕಂದುಬಣ್ಣ ಪಿತ್ತರಸದ ಬಿಲಿರುಬಿನ್ ಎಂಬ ಬಣ್ಣದ ವಸ್ತು ಬ್ಯಾಕ್ಟೀರಿಯಾಗಳ ಕೈಯಲ್ಲಿ ಮಾರ್ಪಟ್ಟು ಬಂದದ್ದು. ಮಲ ಸುಣ್ಣದಂತೆ ಬಿಳಿಚಿ, ಮೂತ್ರ ಗಾಢವಾದರೆ ಪಿತ್ತನಾಳ ಕಟ್ಟಿದೆ ಎಂದು ಅರ್ಥ. ಡಾಂಬರಿನಂತೆ ಕಪ್ಪು, ಅಂಟು, ಕೆಟ್ಟ ವಾಸನೆ ಇದ್ದರೆ ಮೇಲಿನ ಭಾಗದಲ್ಲಿ ರಕ್ತಸ್ರಾವ ಆಗಿದೆ. ಸುಮಾರು 50–100 ಮಿ.ಲೀ. ರಕ್ತ ಸಾಕು. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಡಾಂಬರಿನ ಅಂಟು, ಆ ವಾಸನೆ ಇರುವುದಿಲ್ಲ. ಕೆಂಪುರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ವರ್ಷ ದೂಡುವವರಿದ್ದಾರೆ, ದೊಡ್ಡ ಕರುಳಿನ ಕ್ಯಾನ್ಸರ್ ತಡವಾಗಿ ಸಿಗುವುದಕ್ಕೆ ಅದೂ ಒಂದು ಕಾರಣ. ನೀರಿನ ಮೇಲೆ ಎಣ್ಣೆ ತೇಲುವಂಥ, ತೊಳೆದರೂ ಹೋಗದ ಮಲ ಅಂದರೆ ಕೊಬ್ಬು ಜೀರ್ಣವಾಗುತ್ತಿಲ್ಲ. ಮೇದೋಜೀರಕದ ಸಾಮರ್ಥ್ಯ 90% ಹೋಗುವವರೆಗೂ ಇದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ, ಅಷ್ಟು ಹೆಚ್ಚುವರಿ ಶಕ್ತಿ ಆ ಗ್ರಂಥಿಗಿದೆ.

ಜೀವಶಾಸ್ತ್ರ ಮೇಷ್ಟ್ರು

ಚೆನ್ನಾಗಿದೆ, ಮುಂದುವರಿಸಿ. ಸಣ್ಣ ಕರುಳು 6–7 ಮೀಟರ್, ಬಿಡಿಸಿ ಹರಡಿದರೆ ಟೆನಿಸ್ ಕೋರ್ಟಿನಷ್ಟು ಎಂದು ಪಾಠದಲ್ಲಿದೆ. ಸರಿಯೇ?

ಅಳತೆಪಟ್ಟಿ

ಎರಡೂ ತಿದ್ದಬೇಕು. 6–7 ಮೀಟರ್ ಎಂಬುದು ಸ್ನಾಯು ಸಡಿಲಗೊಂಡ ಮೃತದೇಹದಲ್ಲಿ ಅಳೆದದ್ದು. ಬದುಕಿರುವಾಗ ಸ್ನಾಯುವಿನ ಬಿಗಿತದಿಂದ 3–5 ಮೀಟರಿನಷ್ಟು ಇರುತ್ತದೆ, ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸ. ಟೆನಿಸ್ ಕೋರ್ಟಿನ ಮಾತು ಹಳೆಯದು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಮರು ಅಳತೆ ಮಾಡಿ, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್, ಅದರಲ್ಲಿ ದೊಡ್ಡ ಕರುಳಿನದು ಸುಮಾರು 2 ಎಂದರು. ಅರ್ಧ ಬ್ಯಾಡ್ಮಿಂಟನ್ ಅಂಕಣಕ್ಕಿಂತ ಹೆಚ್ಚಲ್ಲ. ಸಂಖ್ಯೆ ಕುಗ್ಗಿದರೂ ಅದರ ಹಿಂದಿನ ರಚನೆ ಅದೇ: ಅಡ್ಡ ಮಡಿಕೆಗಳು, ಅವುಗಳ ಮೇಲೆ ಅರ್ಧದಿಂದ ಒಂದು ಮಿ.ಮೀ. ಎತ್ತರದ, ಬೆರಳಿನಂತೆ ಚಾಚಿದ ವಿಲ್ಲೈಗಳು, ಪ್ರತಿ ಕೋಶದ ಮೇಲೆ ಮತ್ತೆ ಸೂಕ್ಷ್ಮ ವಿಲ್ಲೈಗಳು. ಸಕ್ಕರೆಯ ಕೊನೆಯ ಕತ್ತರಿಕೆ ನಡೆಸುವ ಲ್ಯಾಕ್ಟೇಸ್, ಸುಕ್ರೇಸ್ ಕಿಣ್ವಗಳು ತೇಲಾಡುವುದಿಲ್ಲ, ಈ ಮೇಲ್ಮೈಗೇ ನೆಟ್ಟುಕೊಂಡಿವೆ. ಭೇದಿಯಾಗಿ ವಿಲ್ಲೈ ತುದಿಗಳು ಉದುರಿದಾಗ ಕೆಲವು ದಿನ ಹಾಲು ಒಗ್ಗದಿರುವುದು ಇದಕ್ಕೇ.

ಎಲ್ಲವೂ ಎಲ್ಲ ಕಡೆ ಹೀರಲ್ಪಡುವುದಿಲ್ಲ. ಕಬ್ಬಿಣ ಮುಖ್ಯವಾಗಿ ಡ್ಯುಯೊಡಿನಮ್‌ನಲ್ಲಿ. ಬಿ12, ಪಿತ್ತಲವಣ ಇಲಿಯಮ್ ಕೊನೆಯಲ್ಲಿ. ಹಾಗಾಗಿ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ಕರುಳು ಹೋಯಿತು ಎಂಬುದರಷ್ಟೇ ಯಾವ ಭಾಗ ಹೋಯಿತು ಎಂಬುದೂ ಮುಖ್ಯ. ಇಲಿಯಮ್ ತುದಿ 60 ಸೆಂ.ಮೀ.ಗಿಂತ ಹೆಚ್ಚು ತೆಗೆದರೆ ಬಿ12 ಕೊರತೆಯ ಭಯ. 100 ಸೆಂ.ಮೀ. ಮೀರಿದರೆ ಪಿತ್ತಲವಣ ಸೋರಿಹೋಗಿ ಕೊಬ್ಬೂ ಒಗ್ಗುವುದಿಲ್ಲ. ಒಟ್ಟು ಉಳಿದದ್ದು 200 ಸೆಂ.ಮೀ.ಗಿಂತ ಕಡಿಮೆಯಾದರೆ ರಕ್ತನಾಳದ ಮೂಲಕ ಪೋಷಣೆ ಬೇಕಾಗಬಹುದು. ಸಕ್ಕರೆ, ಅಮೈನೋ ಆಮ್ಲ ಪೋರ್ಟಲ್ ರಕ್ತನಾಳದಲ್ಲಿ ಮೊದಲು ಲಿವರಿಗೆ ಹೋಗುತ್ತವೆ. ಊಟದ ಕೊಬ್ಬಿನ ಬಹುಪಾಲು ಮೊದಲು ಲಿವರಿಗೆ ಹೋಗದೆ, ದುಗ್ಧನಾಳಗಳ ಮೂಲಕ ಎಡಗುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ.

ಔಷಧ ಕೌಂಟರ್

ನೀರಿನ ಲೆಕ್ಕ ಯಾರೂ ಎತ್ತಲಿಲ್ಲ. ಕುಡಿದದ್ದು, ಊಟದಲ್ಲಿದ್ದದ್ದು ಸೇರಿ 2 ಲೀಟರ್. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ಸ್ವಂತ ರಸ ಸೇರಿ ಇನ್ನೊಂದು 6–7 ಲೀಟರ್. ಒಟ್ಟು 8–9 ಲೀಟರ್ ದಿನವೂ ಸಣ್ಣ ಕರುಳಿಗೆ ಬರುತ್ತದೆ. ಅದರಲ್ಲಿ ಸುಮಾರು 7 ಲೀಟರ್ ಅದೇ ಹೀರುತ್ತದೆ, ಉಳಿದ ಒಂದೂವರೆಯನ್ನು ದೊಡ್ಡ ಕರುಳು. ಮಲದಲ್ಲಿ ಹೋಗುವುದು 100–200 ಮಿ.ಲೀ. ಅಂದರೆ ಜೀರ್ಣಾಂಗದ ಅತಿ ದೊಡ್ಡ ಕೆಲಸ ತಾನೇ ಸುರಿಸಿದ ನೀರನ್ನು ವಾಪಸ್ ಎಳೆಯುವುದು. ದೊಡ್ಡ ಕರುಳು ಹೆಚ್ಚೆಂದರೆ 4–5 ಲೀಟರ್ ಎಳೆಯಬಲ್ಲದು. ಕಾಲರಾದಲ್ಲಿ ಸಣ್ಣ ಕರುಳು ಅದಕ್ಕಿಂತ ಎಷ್ಟೋ ಹೆಚ್ಚು ಸುರಿಸುವುದರಿಂದ ಗಂಟೆಗಳಲ್ಲಿ ಜೀವ ಹೋಗಬಹುದು.

ನೀರಿಗೆ ಸ್ವಂತ ಪಂಪ್ ಇಲ್ಲ, ಅದು ಉಪ್ಪಿನ ಹಿಂದೆ ಹೋಗುತ್ತದೆ. ಕರುಳಿನ ಕೋಶದಲ್ಲಿ ಒಂದು ಗ್ಲೂಕೋಸ್ ಅಣುವಿನ ಜೊತೆ ಎರಡು ಸೋಡಿಯಂ ಒಳಗೆ ಒಯ್ಯುವ ಬಾಗಿಲಿದೆ. ಕಾಲರಾ ವಿಷವೂ ಅದನ್ನು ಕೆಡಿಸುವುದಿಲ್ಲ. ಓಆರ್‌ಎಸ್ ನಿಂತಿರುವುದು ಈ ಬಾಗಿಲಿನ ಮೇಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ತೋರಿಸಿದರು.

ಈಗಿನ ಸೂತ್ರ, 1 ಲೀಟರ್ ನೀರಿಗೆ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸೋಡಿಯಂ, ಗ್ಲೂಕೋಸ್ ಎರಡೂ ಲೀಟರಿಗೆ 75 ಮಿಲಿಮೋಲ್, ಸಮಸಮ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರುಚಿಗೆಂದು ಸಕ್ಕರೆ ಹೆಚ್ಚಿಸಿದರೆ ಮೇಲೆ ಹೇಳಿದ ಡಂಪಿಂಗ್‌ನಂತೆಯೇ ನೀರು ಕರುಳಿಗೆ ಎಳೆದುಕೊಂಡು ಭೇದಿ ಜೋರಾಗುತ್ತದೆ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಇನ್ನೂ ಅಪಾಯ. ದೊಡ್ಡ ಪೊಟ್ಟಣವನ್ನು ಅರ್ಧ ಲೋಟಕ್ಕೆ ಕದಡಿ ಕುಡಿಸುವುದೂ ಇದೇ ತಪ್ಪು. ಪ್ರತಿ ಸಲ ಭೇದಿಯಾದಾಗ 2 ವರ್ಷದೊಳಗಿನ ಮಗುವಿಗೆ 50–100 ಮಿ.ಲೀ., 2ರಿಂದ 10 ವರ್ಷದವರಿಗೆ 100–200 ಮಿ.ಲೀ., ದೊಡ್ಡವರಿಗೆ ಬೇಕಾದಷ್ಟು. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನ ಕೊಡಿ. ಕದಡಿದ್ದನ್ನು 24 ಗಂಟೆಯ ನಂತರ ಚೆಲ್ಲಿ.

ಪಾಯಿಖಾನೆ ಪಂಡಿತ

ದೊಡ್ಡ ಕರುಳಿಗೆ ಯಾವಾಗಲೂ ಒಂದೇ ಸಾಲು ಸಿಗುತ್ತದೆ, ಅನ್ಯಾಯ. ಒಂದೂವರೆ ಮೀಟರ್ ಉದ್ದ. ಊಟ ಜಠರದಲ್ಲಿ 2–4 ಗಂಟೆ, ಸಣ್ಣ ಕರುಳಿನಲ್ಲಿ 3–5 ಗಂಟೆ ಇದ್ದರೆ ಇಲ್ಲಿ ಒಂದೆರಡು ದಿನವೂ ಇರುತ್ತದೆ. ನಮ್ಮ ಕಿಣ್ವಗಳಿಗೆ ಬಗ್ಗದ ನಾರನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್‌ನಂಥ ಕಿರು ಕೊಬ್ಬಿನಾಮ್ಲ ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಮುಖ್ಯ ಇಂಧನ ಅದೇ. ಗ್ಯಾಸ್ ಇದರ ಉಪ ಉತ್ಪನ್ನ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್, 10–20 ಸಲ ಹೋಗುವುದು ಸಹಜ. ಅದರ 99% ಅನಿಲಕ್ಕೆ ವಾಸನೆಯೇ ಇಲ್ಲ, ವಾಸನೆ ಗಂಧಕದ ಚೂರುಪಾರು ಸಂಯುಕ್ತಗಳದ್ದು.

ಮಲಬದ್ಧತೆಗೆ ಬರುವವರಲ್ಲಿ ಹಲವರಿಗೆ ತೊಂದರೆ ಕರುಳಿನಲ್ಲಿಲ್ಲ, ಬಾಗಿಲಿನಲ್ಲಿದೆ. ಒಳಗಿನ ಬಿಗಿಸ್ನಾಯು ನಮ್ಮ ಮಾತು ಕೇಳದು, ಹೊರಗಿನದು ಕೇಳುತ್ತದೆ. ಇವೆರಡರ ಜೊತೆ ಪ್ಯುಬೊರೆಕ್ಟಾಲಿಸ್ ಎಂಬ ಸ್ನಾಯು ಮಲಾಶಯವನ್ನು ಹಿಂದಿನಿಂದ ಕುಣಿಕೆ ಹಾಕಿ ಮುಂದಕ್ಕೆ ಎಳೆದು ಸುಮಾರು 90 ಡಿಗ್ರಿ ಬಾಗಿಸಿ ಇಟ್ಟಿರುತ್ತದೆ. ಕುಕ್ಕರಗಾಲಿನಲ್ಲಿ ಆ ಕುಣಿಕೆ ಸಡಿಲಗೊಂಡು ದಾರಿ ನೆಟ್ಟಗಾಗುತ್ತದೆ. ಕಮೋಡ್ ಬಳಸುವವರು ಪಾದದಡಿ ಒಂದು ಗೇಣೆತ್ತರದ ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮುಂದೆ ಬಾಗಿ ಕೂರಲಿ. ಬೆಳಗಿನ ತಿಂಡಿ ಆದ 15–30 ನಿಮಿಷಕ್ಕೆ ಕೂರುವುದು ಒಳ್ಳೆಯದು, ಜಠರ ತುಂಬಿದಾಗ ದೊಡ್ಡ ಕರುಳು ತಾನಾಗಿ ಹಿಂಡುತ್ತದೆ. ಒತ್ತಡ ಬಂದಾಗ ತಡೆಹಿಡಿದರೆ ಮಲ ಹಿಂದಕ್ಕೆ ಸರಿದು ನೀರು ಇನ್ನಷ್ಟು ಹೀರಲ್ಪಟ್ಟು ಗಟ್ಟಿಯಾಗುತ್ತದೆ. ನಾರು ದಿನಕ್ಕೆ 25–30 ಗ್ರಾಂ. ಒಂದೇ ದಿನ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರಕ್ಕೆ 5 ಗ್ರಾಂ ಏರಿಸಿ.

ಸಂಶಯಪ್ರಾಣಿ

ಮಣೆ ಎಲ್ಲರಿಗೂ ಮಂತ್ರದಂಡ ಅಲ್ಲ ಬಿಡಿ.

ಪಾಯಿಖಾನೆ ಪಂಡಿತ

ಅಲ್ಲ. ತಿಣುಕುವಾಗ ಆ ಸ್ನಾಯು ಸಡಿಲಗೊಳ್ಳುವ ಬದಲು ಇನ್ನೂ ಬಿಗಿಯುವ ರೋಗಿಗಳಿದ್ದಾರೆ. ಅವರಿಗೆ ಮಣೆಯಾಗಲಿ ಭೇದಿಮಾತ್ರೆಯಾಗಲಿ ಅಷ್ಟಾಗಿ ನಾಟುವುದಿಲ್ಲ, ಬಯೋಫೀಡ್‌ಬ್ಯಾಕ್ (ಸ್ನಾಯುವಿನ ಬಿಗಿತವನ್ನು ಯಂತ್ರದಲ್ಲಿ ನೋಡುತ್ತಾ ಸಡಿಲಿಸಲು ಕಲಿಯುವ) ತರಬೇತಿ ಬೇಕು. 50 ದಾಟಿದವರಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ತೂಕ ಇಳಿತ, ರಕ್ತ ಇದ್ದರೆ ಮನೆಮದ್ದು ಬೇಡ, ಕೊಲೊನೋಸ್ಕೋಪಿ.

ಎಂಡೋಸ್ಕೋಪಿ ಕೋಣೆ

ನೋವಿನ ಜಾಗದ ಬಗ್ಗೆಯೂ ಬರೆಯಬೇಕು, ಏಕೆಂದರೆ ಹೊಕ್ಕುಳ ತೋರಿಸಿ "ಜಠರ ನೋಯುತ್ತದೆ" ಅನ್ನುವವರೇ ಜಾಸ್ತಿ. ಜಠರ ಇರುವುದು ಅದಕ್ಕಿಂತ ಮೇಲೆ, ಎಡಪಕ್ಕೆಲುಬಿನ ಮರೆಯಲ್ಲಿ. ಒಳಾಂಗಗಳ ನರ ಜಾಗವನ್ನು ಖಚಿತವಾಗಿ ಹೇಳುವುದಿಲ್ಲ. ಜಠರ, ಡ್ಯುಯೊಡಿನಮ್‌ನ ಮೇಲ್ಭಾಗ, ಪಿತ್ತಕೋಶದ ನೋವು ಎದೆಗೂಡಿನ ಕೆಳಗೆ ನಡುವೆ ಕಾಣುತ್ತದೆ. ಸಣ್ಣ ಕರುಳಿನಿಂದ ದೊಡ್ಡ ಕರುಳಿನ ಅಡ್ಡಭಾಗದವರೆಗಿನದು ಹೊಕ್ಕುಳ ಸುತ್ತ. ಅದರಾಚೆಯದು ಹೊಕ್ಕುಳ ಕೆಳಗೆ. ಅಪೆಂಡಿಸೈಟಿಸ್ ಮೊದಲು ಹೊಕ್ಕುಳ ಸುತ್ತ ಮಂದನೋವಾಗಿ ಶುರುವಾಗಿ, ಉರಿ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ಹೊಟ್ಟೆಯ ಬಲಗಡೆ ಕೆಳಕ್ಕೆ ಸರಿದು ಬೆರಳಿಟ್ಟು ತೋರಿಸುವಂತಾಗುವುದು ಇದರಿಂದ. ಸೊಂಟದ ಮುಂಮೂಳೆಯಿಂದ ಹೊಕ್ಕುಳಕ್ಕೆ ಗೆರೆ ಎಳೆದರೆ ಮೂಳೆಯಿಂದ ಮೂರನೇ ಒಂದು ದೂರದಲ್ಲಿ ಆ ಜಾಗ. ಹೀಗೆ ನೋವು ಸರಿದರೆ ಭೇದಿ ಮಾಡಿಸುವ ಮಾತ್ರೆ ಕೊಡಬಾರದು, ಊಟ ನಿಲ್ಲಿಸಿ ಆಸ್ಪತ್ರೆಗೆ. ಮೇಲ್ಹೊಟ್ಟೆಯ ನೋವಿಗೆ ಬೆವರು, ಉಸಿರುಗಟ್ಟುವಿಕೆ ಸೇರಿದರೆ ಗ್ಯಾಸ್ ಅನ್ನದೆ ಮೊದಲು ಇಸಿಜಿ, ಹೃದಯದ ನೋವೂ ಅಲ್ಲೇ ಕಾಣಿಸಿಕೊಳ್ಳುತ್ತದೆ.

ಸಂಶಯಪ್ರಾಣಿ

ಕೊನೇದೊಂದು. ಹೊಟ್ಟೆ ಖಾಲಿ ಇದ್ದಾಗ ಗುಡುಗುಡು ಅನ್ನುವುದು ಜಠರ ಊಟ ಕೇಳುತ್ತಿರುವುದಾ?

ಪಿತ್ತಕೋಶ

ಕಸ ಗುಡಿಸುತ್ತಿರುವುದು. ಹಸಿದಾಗ 90–120 ನಿಮಿಷಕ್ಕೊಮ್ಮೆ ಜಠರದಿಂದ ಜೋರಾದ ಅಲೆಗಳ ಸರಣಿ ಹೊರಟು ನಿಧಾನಕ್ಕೆ ಇಲಿಯಮ್ ಕೊನೆಯವರೆಗೆ ಸಾಗುತ್ತದೆ, ಮೋಟಿಲಿನ್ ಎಂಬ ಹಾರ್ಮೋನಿನ ಸಹಾಯದಿಂದ. 2 ಮಿ.ಮೀ.ಗಿಂತ ದಪ್ಪದ ಅರೆಯದ ಚೂರು, ಬೀಜ, ನುಂಗಿದ ಚ್ಯೂಯಿಂಗ್ ಗಮ್ ಎಲ್ಲ ಜಠರ ದಾಟುವುದು ಈ ಹೊತ್ತಿಗೆ. ಆ ಗಮ್ ಏಳು ವರ್ಷ ಒಳಗೇ ಇರುತ್ತದೆ ಅನ್ನುವುದು ಕಟ್ಟುಕತೆ. ಕರುಳಲ್ಲಿ ಊಟ ಇಲ್ಲದೆ ಗಾಳಿ, ನೀರು ಮಾತ್ರ ಇರುವುದರಿಂದ ಸದ್ದು ಎದ್ದು ಕೇಳುತ್ತದೆ. ಒಂದು ತುತ್ತು ಒಳಗೆ ಹೋದರೂ ಈ ಸುತ್ತು ಅರ್ಧಕ್ಕೇ ನಿಲ್ಲುತ್ತದೆ. ದೀರ್ಘಕಾಲದ ಮಧುಮೇಹದಲ್ಲಿ ನರ ಕೆಟ್ಟು ಇದು ದುರ್ಬಲವಾದರೆ ನಿನ್ನೆಯ ಊಟ ಇವತ್ತು ವಾಂತಿಯಲ್ಲಿ ಹಾಗೇ ಬರುವುದುಂಟು. ಸಣ್ಣ ಕರುಳಿನಲ್ಲಿ ದುರ್ಬಲವಾದರೆ ದೊಡ್ಡ ಕರುಳಿನಲ್ಲಿ ಇರಬೇಕಾದ ಬ್ಯಾಕ್ಟೀರಿಯಾಗಳು ಅಲ್ಲಿಗೇ ಹತ್ತಿ ಬೆಳೆದು ಉಬ್ಬರ, ಭೇದಿ ಶುರುವಾಗುತ್ತವೆ.